ಊರು ಯಾವುದು?

1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೆ ಇಡೀ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಅಷ್ಟು ಓದಿದ ಮನುಷ್ಯ ಪಾರ್ಕಿನಲ್ಲಿ ಕೂತು ಅತ್ತರು. ಇದು ನಮಗೆಲ್ಲ ಗೊತ್ತಿರೋದೇ.

ಅದೇ ಕಾಲದಲ್ಲಿ ಸಿಂಗಾಪುರಕ್ಕೆ ದುಡಿಯೋಕೆ ಬರ್ತಿದ್ದ ಬಡವರ ಕತೆ ಬೇರೆ. ಜಾವಾದ ಉತ್ತರಕ್ಕೆ ಸಮುದ್ರದ ಮಧ್ಯೆ ಬಾವೆಯಾನ್ ಅಂತ ಪುಟ್ಟ ದ್ವೀಪ. ಅಲ್ಲಿನವರನ್ನ ಬ್ರಿಟಿಷರು ಬೋಯನೀಸ್ ಅಂತ ಕರೆದರು. ಕುದುರೆ ನೋಡ್ಕೊಳ್ಳೋದು, ಗಾಡಿ ಓಡಿಸೋದು, ತೋಟದ ಕೆಲಸ ಇವರದ್ದು. ಹಡಗಿಳಿದವನು ಹೋಗ್ತಿದ್ದದ್ದು ತನ್ನ ಹಳ್ಳಿಯವರ 'ಪೊಂಡೋಕ್'ಗೆ, ಅಂದ್ರೆ ಎಲ್ಲರೂ ಸೇರಿ ನಡೆಸುವ ವಸತಿಮನೆಗೆ. ಒಂಟಿ ಗಂಡಸರಿಗೆ ಪಡಸಾಲೆ, ಸಂಸಾರಸ್ಥರಿಗೆ ಸಣ್ಣ ಕೋಣೆ. ದುಡಿಯುವವರು ತಿಂಗಳಿಗಿಷ್ಟು ಅಂತ ಕೊಡಬೇಕು, ಕೆಲಸ ಸಿಗದವನನ್ನ ಉಳಿದವರು ಸಾಕಬೇಕು. ಕೆಲಸ ಹುಡುಕಿ ಕೊಡೋದೂ ಅವರೇ. ಕಾಯಿಲೆ, ಮದುವೆ, ಸಾವು ಎಲ್ಲಕ್ಕೂ ಪೊಂಡೋಕ್ ನಿಲ್ಲುತ್ತಿತ್ತು. ಪರದೇಶದಲ್ಲಿ ಸತ್ತವನ ಹೆಣ ಅನಾಥ ಆಗ್ತಿರಲಿಲ್ಲ. ಜಗಳ ಬಂದ್ರೆ 'ಪಾಕ್ ಲುರಾ' ಅನ್ನೋ ಯಜಮಾನ ತೀರ್ಮಾನ ಮಾಡ್ತಿದ್ದ.

ಸ್ವರ್ಗ ಅನ್ಕೋಬೇಡಿ. ಇಕ್ಕಟ್ಟು ಇತ್ತು, ಯಜಮಾನಿಕೆಯೂ ಇತ್ತು. ಗಂಡಸರೆಲ್ಲ ಹೊರಟು ಬಾವೆಯಾನ್‌ಗೆ 'ಹೆಣ್ಣುಮಕ್ಕಳ ದ್ವೀಪ' ಅಂತಲೇ ಹೆಸರಾಯಿತು. ಅಲ್ಲಿ ಉಳಿದು ಹೊಲ ಮನೆ ನೋಡಿದ ಹೆಂಗಸರ ಲೆಕ್ಕ ಯಾರು ಬರೆದರು? 1960ರ ನಂತರ ಜನ ಸರ್ಕಾರಿ ಫ್ಲ್ಯಾಟುಗಳಿಗೆ ಹೋದರು, ಪೊಂಡೋಕ್‌ಗಳು ಖಾಲಿಯಾದವು. ಗೆಲಾಮ್ ಹಳ್ಳಿಯವರು 1932ರಲ್ಲಿ ಕ್ಲಬ್ ಸ್ಟ್ರೀಟಿನಲ್ಲಿ ಶುರುಮಾಡಿದ ಪೊಂಡೋಕ್ ಇದ್ದ ಜಾಗಕ್ಕೆ 2000ದಲ್ಲಿ ಚಾರಿತ್ರಿಕ ಸ್ಥಳ ಅಂತ ಗುರುತು ಸಿಕ್ಕಿತು.

ನನ್ನನ್ನ ಕಾಡೋದು ಒಂದೇ. ಅವರಿಗೆ ಊರ ಹೆಸರೇ ಚಾಪೆ ಹಾಸೋಕೆ ಜಾಗ ಕೊಡ್ತಿತ್ತು. ನಮಗೆ ಊರು ಅಂದ್ರೇನೇ ಎರಡು, ಊರು ಮತ್ತು ಕೇರಿ. ಬೆಂಗಳೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಕೋಣೆ ಕೇಳಿದಾಗ ಮನೆ ಮಾಲೀಕರೊಬ್ಬರು ನಗುತ್ತಲೇ "ಊರು ಯಾವುದು?" ಅಂದ್ರು. ಹೇಳಿದೆ. "ಊರಲ್ಲಿ ಎಲ್ಲಿ?" ಅಂದ್ರು. ಹೇಳಿದೆ. ಕೋಣೆ ಆಗಲೇ ಬೇರೆಯವರಿಗೆ ಆಗಿದೆಯಂತೆ!

ಆವತ್ತು ರಾತ್ರಿ ನಮ್ಮ ಕೇರಿಯ ಹುಡುಗನೊಬ್ಬ ತನ್ನ ಹಾಸ್ಟೆಲ್‌ಗೆ ಕರ್ಕೊಂಡು ಹೋದ. ಲೆಕ್ಕದಲ್ಲಿ ಇಲ್ಲದ ನಾನು ಮೂರು ತಿಂಗಳು ಅವನ ಮಂಚದ ಪಕ್ಕ ನೆಲದಲ್ಲಿ ಮಲಗಿದೆ, ಅವನ ತಟ್ಟೆಯಲ್ಲೇ ಉಂಡೆ. ಕೆಲಸ ಸಿಕ್ಕಿ ನಾನು ಹೊರಟ ವಾರವೇ ಆ ಜಾಗಕ್ಕೆ ನಮ್ಮ ಪಕ್ಕದ ಕೇರಿಯ ಹುಡುಗ ಬಂದ.