ಯಾರ ಹೊತ್ತು?

ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಹೈಸ್ಕೂಲ್ ಹುಡುಗನೊಬ್ಬ ಗೆಳೆಯನಿಗೆ ಐನ್‌ಸ್ಟೈನ್ ಪಾಠ ಹೇಳುತ್ತಿದ್ದ: “ಗಣಿತದ ಪಿರಿಯಡ್‌ನ್ಯಾಗ ಟೈಮ್ ಹೋಗಂಗಿಲ್ಲ, ಆಟದಾಗ ಓಡ್ತೈತಿ. ಅದೇ ರಿಲೇಟಿವಿಟಿ ಲೇ.” ಅದು ಬರೀ ಬ್ಯಾಸರಿಕೆ, ಇರಲಿ. ನನಗೆ ಹೆಚ್ಚು ಚುಚ್ಚಿದ್ದು ಆ ‘ಟೈಮ್’. ಸಿಂದಗಿ, ಬಸವನ ಬಾಗೇವಾಡಿಯ ಬಾಯಲ್ಲಿ ‘ಹೊತ್ತು’ ಇನ್ನೂ ಬದುಕಿರುವಾಗ ಇದೇಕೆ?

ನಮ್ಮಲ್ಲಿ ಹೊತ್ತು ಹೊಂಡುತ್ತದೆ, ಏರುತ್ತದೆ, ಮುಣಗುತ್ತದೆ. ಸೂರ್ಯನೂ ಅದೇ, ಸಮಯವೂ ಅದೇ. ನನ್ನ ಸಿದ್ಧಾಂತವಿಷ್ಟು: ಕಾಲ ಲೋಕಕ್ಕೆಲ್ಲ ಒಂದು, ಹೊತ್ತು ಅವರವರದು. ನ್ಯೂಟನ್ನನದು ಕಾಲ, ಐನ್‌ಸ್ಟೈನನದು ಹೊತ್ತು. ಪಂಡಿತರು ಒಪ್ಪದಿದ್ದರೆ ಬಿಡಲಿ.

ಸಾಕ್ಷಿಗೆ ಒಂದು ಗಾದೆ: “ಹೊತ್ತು ಬಂದಂಗ ಕೊಡಿ ಹಿಡಿ.” ಇದನ್ನು ಪಕ್ಷ ಬದಲಿಸುವವರಿಗೆ ಬಿಟ್ಟುಕೊಟ್ಟು ಕೆಡಿಸಿದ್ದೇವೆ. ಮುದ್ದೇಬಿಹಾಳ ಇಂಡಿಗಿಂತ ಪೂರ್ವಕ್ಕಿದೆ; ಅಲ್ಲಿ ಹೊತ್ತು ತುಸು ಮುಂಚೆ ನೆತ್ತಿಗೇರುತ್ತದೆ. ಗಡಿಯಾರ ಹನ್ನೆರಡು ತೋರಿಸಿದ ಮೇಲೆ ಇಂಡಿಯ ನೆತ್ತಿಗೆ ಸೂರ್ಯ ಬರಲು ವರ್ಷದ ಸರಾಸರಿಯಲ್ಲಿ ಇನ್ನೂ 26 ನಿಮಿಷ ಬೇಕು. ಕೊಡೆ ಹಿಡಿದವನು ದೇಶದ ಗಡಿಯಾರ ನೋಡುವುದಿಲ್ಲ, ತನ್ನ ತಲೆಯ ಮೇಲಿನ ಹೊತ್ತು ನೋಡುತ್ತಾನೆ.

ಮಾಸ್ತರರು ಇಲ್ಲಿಗೇ ನಿಂತರೆ ಮಾತ್ರ ಹುಡುಗರು ಕೆಟ್ಟರು. ಇದು ಭೂಮಿ ದುಂಡಗಿರುವುದರ ಲೆಕ್ಕ. ಎರಡೂ ಊರಿನ ನಿಮಿಷ ಅಷ್ಟೇ ಉದ್ದ. 1905ರಲ್ಲಿ ಐನ್‌ಸ್ಟೈನ್ ಕೈಹಾಕಿದ್ದು ಆ ಉದ್ದಕ್ಕೇ. ಬೆಳಕಿನ ವೇಗ ಯಾರು ಅಳೆದರೂ ಒಂದೇ ಬರುತ್ತದೆ ಎಂದಾದರೆ, ಓಡುವವನ ಗಡಿಯಾರ ನಿಂತವನ ಲೆಕ್ಕಕ್ಕೆ ನಿಧಾನವಾಗಲೇಬೇಕು.

ಪುರಾವೆ ಮುಗಿಲಿಂದಲೇ ಸುರಿಯುತ್ತದೆ. ಮ್ಯೂಆನ್ ಎಂಬ ಕಣ ಸುಮಾರು 15 ಕಿ.ಮೀ. ಎತ್ತರದಲ್ಲಿ ಹುಟ್ಟುತ್ತದೆ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಸರಾಸರಿ ಆಯುಷ್ಯ 2.2 ಪಾಲು, ಅಷ್ಟರಲ್ಲಿ ಬೆಳಕೂ 660 ಮೀಟರ್ ದಾಟದು. ಆದರೂ ಮ್ಯೂಆನ್‌ಗಳು ನೆಲ ಮುಟ್ಟುತ್ತವೆ. 1950ರ ದಶಕದಲ್ಲಿ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವನ್ನು ಕೋಲಾರದ ಚಿನ್ನದ ಗಣಿಯಾಳದಲ್ಲಿ ಅಳೆದರು. ನಮ್ಮ ಹೊತ್ತಿನಲ್ಲಿ ಮ್ಯೂಆನ್‌ನ ಆಯುಷ್ಯ ಹತ್ತಾರು ಪಟ್ಟು ಹಿಗ್ಗಿದೆ. ಅದರ ಹೊತ್ತಿನಲ್ಲಿ ಆಯುಷ್ಯ ಅಷ್ಟೇ ಇದೆ, ಹಾದಿ ಕುಗ್ಗಿದೆ.

ಪುಸ್ತಕದವರು ‘ಕಾಲ ಹಿಗ್ಗುವಿಕೆ’ ಎನ್ನುತ್ತಾರೆ. ಓದಿದ ಹುಡುಗ ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡು ಸುಮ್ಮನಾಗುತ್ತಾನೆ. ‘ಹೊತ್ತು ಹಿಗ್ಗಿತು’ ಎಂದು ನೋಡಿ: ಯಾರ ಹೊತ್ತು, ಯಾರ ಲೆಕ್ಕಕ್ಕೆ ಎಂದು ಹಿಂದಿನ ಬೆಂಚಿನವನೂ ಕೇಳುತ್ತಾನೆ. ಸಾಪೇಕ್ಷತೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.