ಮರಳುಗಾಡಿನ ಯಾತ್ರೆಯಲ್ಲಿ ನಮ್ಮೂರಿನ ಬೊಮ್ಮ

ಅತ್ತಾವರದಿಂದ ಪವಿತ್ರ ನಾಡಿನ ಯಾತ್ರೆಗೆ ಹೊರಡುವವರು ಸೀನಾಯಿ ಮರಳುಗಾಡು ದಾಟುವ ಮುನ್ನ ಹಳೆ ಕೈರೋದಲ್ಲಿ ಒಂದು ಗಳಿಗೆ ನಿಲ್ಲಿರಿ. ಪವಿತ್ರ ಕುಟುಂಬ ತಂಗಿತ್ತೆಂದು ಪರಂಪರೆ ಹೇಳುವ ಅಬು ಸರ್ಗಾ ದೇವಾಲಯವನ್ನು ಮಾರ್ಗದರ್ಶಿ ತೋರಿಸುತ್ತಾನೆ. ಸಮೀಪದಲ್ಲೇ ಬೆನ್ ಎಜ್ರಾ ಯೆಹೂದಿ ಸಭಾಮಂದಿರವಿದೆ.

ದೇವರ ನಾಮವಿರುವ ಬರಹ ನಾಶವಾಗಬಾರದೆಂದು ಅಲ್ಲಿ ಕೂಡಿಟ್ಟಿದ್ದ ಕಾಗದದ ರಾಶಿಯನ್ನು 1896-97ರಲ್ಲಿ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಒಯ್ದರು. ಅದರಲ್ಲಿ ಮಂಗಳೂರಿನ ಕಥೆಯಿತ್ತು! ಸುಮಾರು 1132ರಿಂದ 1149ರವರೆಗೆ ನಮ್ಮ ಕರಾವಳಿಯಲ್ಲಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳವು. ಅವನ ದಾಸ ವ್ಯಾಪಾರಕ್ಕಾಗಿ ಏಡನ್‌ಗೆ ಹೋಗಿಬರುತ್ತಿದ್ದ. ಆ ದಾಸನ ಹೆಸರು ಬೊಮ್ಮ ಎಂದು ಅಮಿತಾವ್ ಘೋಷ್ 1992ರ ಕೃತಿಯಲ್ಲಿ ಗುರುತಿಸಿದರು.

ಪತ್ರಗಳು ತಲುಪಿದ್ದ ಫುಸ್ತಾತ್ ನಗರ 1168ರಲ್ಲಿ ಬೆಂಕಿಗೆ ತುತ್ತಾಯಿತು, ಇಂದು ಪಾಳು. ಆದರೆ ಏಡನಿನ ವರ್ತಕರು ಒಬ್ಬ ದಾಸನಿಗೆ ಬರೆದ ನಮಸ್ಕಾರ ಉಳಿದಿದೆ. ನಮ್ಮ ಮನೆಯಲ್ಲಿ ದುಡಿಯುವವರಿಗೆ ನಾವು ಹೆಸರು ಹಿಡಿದು ನಮಸ್ಕಾರ ಹೇಳುತ್ತೇವೆಯೇ?