ಗಬ್ಬದ ಬೀದಿ ಬೆಕ್ಕಿಗೆ ಸಂತಾನಹರಣ: ಸಾಕಲು ಕೊಡುವ ಮುನ್ನ ತಿಳಿಯಬೇಕಾದದ್ದು

ಬೀದಿಯಿಂದ ತಂದ ಹೆಣ್ಣು ಬೆಕ್ಕನ್ನು ಮತ್ತೊಂದು ಮನೆಗೆ ಸಾಕಲು ಕೊಡುವ ಮುನ್ನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂಬ ಬಗ್ಗೆ ಪಶುವೈದ್ಯರಲ್ಲಿ ಭಿನ್ನಾಭಿಪ್ರಾಯ ವಿರಳ. ಆದರೆ ಆ ಬೆಕ್ಕು ಗಬ್ಬವಾಗಿದ್ದರೆ? ತೊಡಕು ಆರಂಭವಾಗುವುದೇ ಇಲ್ಲಿ.

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯಂತಹ ರಾಗಿ ಸೀಮೆಯಲ್ಲಿ, ಕಾಳುಕಡಿ ಇಲಿಗಳ ಪಾಲಾಗದಿರಲೆಂದು ಬೆಕ್ಕು ಸಾಕುವುದು ಹಳೆಯ ವಾಡಿಕೆ. ಅದು ಯಾರ ಬೆಕ್ಕೆಂದು ಹೇಳುವುದು ಮಾತ್ರ ಕಷ್ಟ. ಒಂದು ಮನೆಯಲ್ಲಿ ಹಾಲು, ಇನ್ನೊಂದು ಮನೆಯ ಅಟ್ಟದಲ್ಲಿ ಬಾಣಂತನ. ಮರಿಗಳು ಹೆಚ್ಚಾದಾಗ ಗೋಣಿಚೀಲದಲ್ಲಿ ತುಂಬಿ ದೂರ ಬಿಟ್ಟು ಬರುವವರೂ ಉಂಟು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ.

ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭಾವಧಿ ಸುಮಾರು 63ರಿಂದ 65 ದಿನ. ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗುವುದೂ ಇದೆ. ಹಗಲು ದೀರ್ಘವಾದಷ್ಟೂ ಬೆದೆ ಹೆಚ್ಚು. ನಮ್ಮಲ್ಲಿ ಹಗಲಿನ ಅವಧಿ ಅಷ್ಟಾಗಿ ಕುಗ್ಗದ ಕಾರಣ ವರ್ಷದ ಬಹುಪಾಲು ಮರಿಗಳು ಕಾಣಸಿಗುತ್ತವೆ.

ಮೂರನೇ ವಾರದ ಹೊತ್ತಿಗೆ ಮೊಲೆತೊಟ್ಟು ಕೆಂಪೇರಿ ಉಬ್ಬುತ್ತದೆ. ಹೊಟ್ಟೆ ಕಣ್ಣಿಗೆ ಕಾಣುವುದು ಐದನೇ ವಾರದ ನಂತರ. ಖಚಿತವಾಗಿ ತಿಳಿಯಲು ಪಶುವೈದ್ಯರ ಪರೀಕ್ಷೆ ಇಲ್ಲವೇ ಸ್ಕ್ಯಾನಿಂಗ್ ಬೇಕು.

ಗಬ್ಬವಿದ್ದಾಗಲೂ ಶಸ್ತ್ರಚಿಕಿತ್ಸೆ ಸಾಧ್ಯ. ಅಂಡಾಶಯ ಹಾಗೂ ಗರ್ಭಕೋಶವನ್ನು ಒಟ್ಟಾಗಿ ತೆಗೆಯಲಾಗುತ್ತದೆ, ಮರಿಗಳು ಉಳಿಯುವುದಿಲ್ಲ. ಅವು ಗರ್ಭದೊಳಗೆ ಅರಿವಿಲ್ಲದ ಸ್ಥಿತಿಯಲ್ಲೇ ಇರುತ್ತವೆ ಎಂದು ವಿಜ್ಞಾನ ಹೇಳುತ್ತದೆ. ಆದರೂ ಮನಸ್ಸು ಒಪ್ಪದವರ ಅಳುಕನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. 2001ರ ಪ್ರಾಣಿ ಜನನ ನಿಯಂತ್ರಣ (ನಾಯಿಗಳು) ನಿಯಮಗಳೇ ಗಬ್ಬದ ನಾಯಿಗೆ ಯಾವ ಹಂತದಲ್ಲೂ ಗರ್ಭಪಾತ, ಸಂತಾನಹರಣ ಮಾಡಬಾರದು, ಮರಿ ಹಾಕುವವರೆಗೆ ಬಿಡಬೇಕು ಎಂದಿದ್ದವು. ಆ ನಿಯಮ ಬೆಕ್ಕುಗಳಿಗೆ ಅನ್ವಯಿಸುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು.

ಗರ್ಭ ಬೆಳೆದಂತೆ ರಕ್ತನಾಳಗಳು ಹಿಗ್ಗುವುದರಿಂದ ರಕ್ತಸ್ರಾವದ ಭಯ ಹೆಚ್ಚು, ಗಾಯವೂ ದೊಡ್ಡದು. ಆದ್ದರಿಂದ ಮೊದಲ ವಾರಗಳಲ್ಲಿ ಸುಲಭವಾದದ್ದು ಕೊನೆಯ ವಾರಗಳಲ್ಲಿ ಅಪಾಯಕರವಾಗಬಹುದು. ದಿನ ತುಂಬಿದ, ರಕ್ತಹೀನ ಅಥವಾ ಜ್ವರಪೀಡಿತ ಬೆಕ್ಕನ್ನು ಮುಟ್ಟಲು ವೈದ್ಯರು ಹಿಂಜರಿದರೆ ಒತ್ತಾಯಿಸದಿರುವುದು ಲೇಸು. ಆಗ ಉಳಿಯುವ ದಾರಿ, ಬೆಕ್ಕನ್ನು ಮನೆಯೊಳಗಿಟ್ಟು ಬಾಣಂತನ ಮಾಡಿಸಿ, ಎರಡು ತಿಂಗಳಿಗೆ ಮರಿಗಳು ಹಾಲು ಬಿಟ್ಟ ಬಳಿಕ ಶಸ್ತ್ರಚಿಕಿತ್ಸೆ ಮಾಡಿಸುವುದು. ಅಲ್ಲಿಯವರೆಗೆ ಗಂಡು ಬೆಕ್ಕು ಹತ್ತಿರ ಸುಳಿಯಕೂಡದು. ನಾಲ್ಕೈದು ಮರಿಗಳಿಗೂ ಮನೆ ಹುಡುಕುವ ಶಕ್ತಿ ಇದ್ದವರಿಗೆ ಮಾತ್ರ ಈ ದಾರಿ. ಹೊಣೆ ಹೊರಲಾಗದವರು 'ಪಾಪ' ಎಂದು ಕಾದರೆ ಮರಿಗಳು ಮತ್ತೆ ಬೀದಿಗೇ ಬೀಳುತ್ತವೆ.

ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳ ಹೆಚ್ಚಿನ ಕೆಲಸ ಹಸು, ಎಮ್ಮೆ, ಕುರಿ, ಮೇಕೆಗಳದು. ಬೆಕ್ಕಿನ ಶಸ್ತ್ರಚಿಕಿತ್ಸೆಗೆ ಅರಿವಳಿಕೆ, ಸಲಕರಣೆ ಇವೆಯೇ ಎಂದು ಮೊದಲೇ ವಿಚಾರಿಸಬೇಕು. ಇಲ್ಲವಾದರೆ 1958ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, 1991ರಲ್ಲಿ ಆರಂಭವಾದ ಕ್ಯೂಪಾದಂತಹ ಪ್ರಾಣಿದಯಾ ಸಂಸ್ಥೆಗಳಲ್ಲಿ ಅಥವಾ ಖಾಸಗಿ ಚಿಕಿತ್ಸಾಲಯಗಳಲ್ಲಿ ಕೇಳಬಹುದು. ಗಬ್ಬದ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಬೆಕ್ಕನ್ನು ಗಾಳಿಯಾಡುವ, ಮುಚ್ಚಳ ಭದ್ರವಾಗಿರುವ ಬುಟ್ಟಿಯಲ್ಲಿ ಒಯ್ಯಬೇಕೇ ಹೊರತು ಕಂಕುಳಲ್ಲಿ ಅಲ್ಲ. ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಗಾಗಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯ ನಂತರ 10ರಿಂದ 14 ದಿನ ಮುಚ್ಚಿದ ಕೋಣೆಯಲ್ಲಿಟ್ಟು, ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ ಕಟ್ಟಬೇಕು. ಕೆಲವು ದಿನ ಮೊಲೆಯಲ್ಲಿ ಹಾಲು ಜಿನುಗಬಹುದು, ಹಿಂಡಬಾರದು. ಒಸಡು ಬಿಳುಚಿದರೆ, ಗಾಯ ಸೋರಿದರೆ, ಒಂದು ದಿನ ಕಳೆದರೂ ಆಹಾರ ಮುಟ್ಟದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ನುಂಗಿಸುವುದಂತೂ ಕೂಡದು, ಅದು ಬೆಕ್ಕಿಗೆ ವಿಷ. ಹೊಸ ಮನೆಯವರಿಗೆ ಬೆಕ್ಕನ್ನು ಒಪ್ಪಿಸುವಾಗ ಶಸ್ತ್ರಚಿಕಿತ್ಸೆಯ ಚೀಟಿ, ಲಸಿಕೆಯ ವಿವರಗಳನ್ನೂ ಜತೆಗೆ ಕೊಡಬೇಕು.